ಒಂದೇ ವಿಮಾನ, ಮೂರು ರೇಟು

ಕಠ್ಮಂಡುವಿನಿಂದ ಪೊಖರಾಕ್ಕೆ ವಿಮಾನದಲ್ಲಿ ಅರ್ಧ ಗಂಟೆಯೂ ಇಲ್ಲ. ಆದರೆ ಟಿಕೆಟ್ಟಿಗೆ ಮೂರು ದರ. ನೇಪಾಳಿಗೆ ಕಡಿಮೆ, ನಮ್ಮಂಥ ಭಾರತೀಯರಿಗೆ ನಡುವಿನದು, ಮಿಕ್ಕ ವಿದೇಶಿಯರಿಗೆ ಡಾಲರಿನಲ್ಲಿ, ಎಲ್ಲಕ್ಕಿಂತ ಜಾಸ್ತಿ. "ಇದು ಹಗಲುದರೋಡೆ ಮಾರಾಯ" ಅಂತ ನನ್ನ ಜೊತೆ ಬಂದಿದ್ದ ಆಫೀಸಿನ ಗೆಳೆಯ ಕೌಂಟರಿನಲ್ಲೇ ಕೂಗಾಡಿದ.

ಅಲ್ಲಪ್ಪಾ, ಹಂಪಿಯ ವಿಠ್ಠಲ ದೇವಸ್ಥಾನದಲ್ಲಿ ನಾವು 40 ರೂಪಾಯಿ ಕೊಟ್ಟು ಒಳಗೆ ಹೋಗ್ತೀವಿ, ಹಿಂದೆ ನಿಂತ ಫ್ರಾನ್ಸಿನವನು 600 ಎಣಿಸ್ತಾನೆ. ಅವತ್ತು ಯಾಕೆ ಕೂಗಲಿಲ್ಲ? ಅಂದಹಾಗೆ ಅಲ್ಲಿ ನೇಪಾಳಿಗೂ 40ನೇ. 90ರ ದಶಕದಲ್ಲಿ ನಮ್ಮ ಇಂಡಿಯನ್ ಏರ್‌ಲೈನ್ಸ್ ಕೂಡ ವಿದೇಶಿಯರಿಂದ ಡಾಲರ್ ದರವನ್ನೇ ವಸೂಲಿ ಮಾಡ್ತಿತ್ತು.

ಹಾಗಂತ ನೇಪಾಳದ ಲೆಕ್ಕವೂ ಪೂರ್ತಿ ಸರಿಯಿಲ್ಲ. ಹುಮ್ಲಾ ಜಿಲ್ಲೆಯ ಸಿಮಿಕೋಟ್‌ನಂಥ ಊರಿನವರಿಗೆ ವಿಮಾನವೇ ಬಸ್ಸು. ಕಾಯಿಲೆಯವರು ಅದರಲ್ಲಿ ಇಳಿಯುತ್ತಾರೆ, ಅಕ್ಕಿ ಮೂಟೆ ಅದರಲ್ಲಿ ಏರುತ್ತದೆ. ಕೈಲಾಸ ನೋಡೋಕೆ ಆ ದಾರಿ ಹಿಡಿಯುವ ನಾನು ನಾಲ್ಕು ಕಾಸು ಹೆಚ್ಚು ಕೊಡೋದು ನ್ಯಾಯವೇ. ಪೊಖರಾಕ್ಕೆ ಹಾಗಲ್ಲ, 200 ಕಿಲೋಮೀಟರ್ ರಸ್ತೆಯಿದೆ, ದಿನಾ ಬಸ್ಸು ಓಡ್ತವೆ. ಹಂಪಿಯ 600 ಸರ್ಕಾರದ ಖಜಾನೆಗೆ ಹೋಗುತ್ತೆ. ಇಲ್ಲಿ ನನ್ನಿಂದ ಕಿತ್ತ ಹೆಚ್ಚುವರಿ ದುಡ್ಡು ಖಾಸಗಿ ಕಂಪನಿಯ ಜೇಬಿಗೆ.

ಇನ್ನೂ ಒಂದು ತಕರಾರು. ಕೇಳೋದು ರಾಷ್ಟ್ರೀಯತೆ, ವಾಸ ಅಲ್ಲ. ಕಠ್ಮಂಡುವಿನಲ್ಲಿ ಹತ್ತು ವರ್ಷದಿಂದ ಹೋಟೆಲ್ ನಡೆಸಿ ಅಲ್ಲೇ ತೆರಿಗೆ ಕಟ್ಟುವ ಉಡುಪಿಯವನೊಬ್ಬ ಇದ್ದಾನೆ ಅಂದ್ಕೊಳ್ಳಿ. ಅವನು ಭಾರತೀಯನ ದರ ಕೊಡಬೇಕು. ದುಬೈನಲ್ಲಿ ದುಡಿದು ರಜೆಗೆ ಬಂದ ನೇಪಾಳಿ ಮ್ಯಾನೇಜರಿಗೆ ಸ್ಥಳೀಯರ ದರ. ಇದ್ಯಾವ ನ್ಯಾಯ ಸ್ವಾಮಿ?

ಗೆಳೆಯ ಸಿಟ್ಟಲ್ಲಿ ಬಸ್ಸು ಹತ್ತಿದ. ನಾನು ನಡುವಿನ ದರದ ಟಿಕೆಟ್ ತಗೊಂಡೆ, ಗೊಣಗಿಕೊಂಡೇ.