ಅಡುಗೆಮನೆಯ ಪಾಠ: ಚೀಸ್ ಏಕೆ ಒಡೆಯುತ್ತದೆ?

ಹಾಲು ಒಡೆಯುವುದು ಎಲ್ಲ ಮನೆಗೂ ಗೊತ್ತಿರುವ ಸಂಗತಿ. ಚೀಸ್ ಕೂಡ ಒಡೆಯುತ್ತದೆಂದು ಹಲವರಿಗೆ ತಿಳಿಯುವುದು ಮೊದಲ ಬಾರಿ ಮ್ಯಾಕರೋನಿ ಬೇಕ್ ಮಾಡಿದಾಗ. ಮೇಲೆ ಜಿಡ್ಡು ತೇಲುತ್ತದೆ, ಚೀಸ್ ರಬ್ಬರಿನಂತಾಗುತ್ತದೆ. ಖರ್ಚು ಮಾಡಿದ ಹಣವೂ ರಾತ್ರಿಯ ಊಟವೂ ಒಟ್ಟಿಗೆ ಕೆಡುತ್ತವೆ. ಇದು ಕೈಗುಣದ ದೋಷವಲ್ಲ. ಹೈಸ್ಕೂಲು ವಿದ್ಯಾರ್ಥಿಗೂ ಅರ್ಥವಾಗುವ ಸರಳ ರಸಾಯನಶಾಸ್ತ್ರ.

ಈ ತಿನಿಸು ಇಂಗ್ಲೆಂಡ್, ಅಮೆರಿಕಗಳಲ್ಲಿ ಬಹಳ ಹಳೆಯದು. ಎಲಿಜಬೆತ್ ರಫಾಲ್ಡ್ ಅವರು 1769ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅಡುಗೆ ಪುಸ್ತಕದಲ್ಲಿಯೇ ಚೀಸ್ ಹಾಕಿದ ಮ್ಯಾಕರೋನಿಯಿದೆ. ಅಮೆರಿಕದ ಆರ್ಥಿಕ ಕುಸಿತದ ದಿನಗಳಲ್ಲಿ, 1937ರಲ್ಲಿ, ಕ್ರಾಫ್ಟ್ ಕಂಪನಿ 19 ಸೆಂಟಿಗೆ ನಾಲ್ವರ ಊಟವೆಂದು ಇದರ ಪೊಟ್ಟಣ ಮಾರತೊಡಗಿತು. ಕೈಯಲ್ಲಿ ಕಾಸಿಲ್ಲದ ಕುಟುಂಬಗಳಿಗೆ ಅದು ಆಸರೆಯಾಯಿತು. ಒಳ್ಳೆಯ ಮ್ಯಾಕರೋನಿಗೆ ಬಳಸುವುದು ಡ್ಯೂರಮ್ ಎಂಬ ಗಟ್ಟಿ ಗೋಧಿ. ನಮ್ಮ ಬನ್ಸಿ ರವೆಯ ಗೋಧಿಯೂ ಅದೇ ಜಾತಿಯದು.

ನಾಲ್ವರಿಗೆ ಬೇಕಾಗುವುದು: ಮ್ಯಾಕರೋನಿ 250 ಗ್ರಾಂ, ತುರಿದ ಚೀಸ್ 200 ಗ್ರಾಂ, ಹಾಲು ಮುಕ್ಕಾಲು ಲೀಟರ್, ಬೆಣ್ಣೆ ಮತ್ತು ಮೈದಾ ತಲಾ 3 ದೊಡ್ಡ ಚಮಚ, ಒಂದು ಹಿಡಿ ಬ್ರೆಡ್ ಪುಡಿ, ಉಪ್ಪು, ಕಾಳುಮೆಣಸಿನ ಪುಡಿ.

ಮ್ಯಾಕರೋನಿಯನ್ನು ಕುದಿಯುವ ಉಪ್ಪುನೀರಿನಲ್ಲಿ ಬೇಯಿಸಿ, ಪೊಟ್ಟಣದಲ್ಲಿ ಹೇಳಿದ ಹೊತ್ತಿಗಿಂತ 2 ನಿಮಿಷ ಮೊದಲೇ ಬಸಿಯಬೇಕು. ಉಳಿದದ್ದು ಓವನ್ನಿನಲ್ಲಿ ಬೇಯುತ್ತದೆ.

ಇನ್ನು ಸಾಸ್. ಬೆಣ್ಣೆ ಕರಗಿಸಿ ಮೈದಾ ಹಾಕಿ, ಸಣ್ಣ ಉರಿಯಲ್ಲಿ 2 ನಿಮಿಷ ಹುರಿಯಬೇಕು. ಹಿಟ್ಟಿನ ಕಣಕಣಕ್ಕೂ ಜಿಡ್ಡು ಹತ್ತುವುದರಿಂದ ಗಂಟು ಕಟ್ಟುವುದಿಲ್ಲ. ಹಾಲನ್ನು ಸ್ವಲ್ಪಸ್ವಲ್ಪವಾಗಿ ಸುರಿಯುತ್ತ ಕೈಬಿಡದೆ ತಿರುವಬೇಕು. ಸೌಟಿಗೆ ಅಂಟುವಷ್ಟು ದಪ್ಪವಾದಾಗ ಒಲೆಯಿಂದ ಇಳಿಸಿ, ಒಂದು ನಿಮಿಷ ಬಿಟ್ಟು, ಮುಕ್ಕಾಲು ಪಾಲು ಚೀಸನ್ನು ಮೂರು ಕಂತಿನಲ್ಲಿ ಬೆರೆಸಬೇಕು.

ಇಳಿಸಿಯೇ ಏಕೆ? ಚೀಸ್ ಎಂದರೆ ಕೇಸೀನ್ ಎಂಬ ಹಾಲಿನ ಪ್ರೋಟೀನಿನ ಬಲೆ. ಅದರಲ್ಲಿ ಕೊಬ್ಬೂ ನೀರೂ ಸಿಕ್ಕಿಕೊಂಡಿರುತ್ತವೆ. ಹದವಾದ ಬಿಸಿಗೆ ಬಲೆ ಸಡಿಲವಾಗುತ್ತದೆ, ಚೀಸ್ ಕರಗುತ್ತದೆ. ಬಿಸಿ ಮಿತಿಮೀರಿದರೆ ಬಲೆ ಬಿಗಿದುಕೊಂಡು ಕೊಬ್ಬನ್ನೂ ನೀರನ್ನೂ ಹಿಂಡಿ ಹೊರಹಾಕುತ್ತದೆ. ಇದೇ ಒಡೆಯುವುದು. ಹಾಲಿನಲ್ಲಿ ಉಬ್ಬಿದ ಮೈದಾದ ಪಿಷ್ಟ ಪ್ರೋಟೀನುಗಳ ನಡುವೆ ನಿಂತು, ಅವು ಮುದ್ದೆಗಟ್ಟದಂತೆ ತಡೆಯುತ್ತದೆ. ಅಂಗಡಿಯಲ್ಲಿ ಸಿಗುವ ಸಂಸ್ಕರಿಸಿದ ಚೀಸಿಗೆ ಇದೇ ಕೆಲಸ ಮಾಡುವ ಲವಣಗಳನ್ನು ಮೊದಲೇ ಸೇರಿಸಿರುತ್ತಾರೆ. ಅದು ಸುಲಭವಾಗಿ ಒಡೆಯುವುದಿಲ್ಲ.

ಮ್ಯಾಕರೋನಿ, ಉಪ್ಪು, ಮೆಣಸಿನ ಪುಡಿಗಳನ್ನು ಸಾಸಿಗೆ ಬೆರೆಸಿದಾಗ ಅದು ತುಸು ತೆಳ್ಳಗೆ ಕಾಣಬೇಕು. ಬೇಯುತ್ತ ಮ್ಯಾಕರೋನಿ ಅದನ್ನು ಹೀರಿಕೊಳ್ಳುತ್ತದೆ. ಮೊದಲೇ ಗಟ್ಟಿಯಾಗಿದ್ದರೆ ಕೊನೆಗೆ ಒಣಗುತ್ತದೆ. ಬೆಣ್ಣೆ ಸವರಿದ ಪಾತ್ರೆಗೆ ಸುರಿದು, ಉಳಿದ ಚೀಸ್ ಮತ್ತು ಬ್ರೆಡ್ ಪುಡಿ ಉದುರಿಸಿ, ಮೊದಲೇ ಕಾಯಿಸಿದ ಓವನ್ನಿನಲ್ಲಿ 180 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 20ರಿಂದ 25 ನಿಮಿಷ ಇಟ್ಟರೆ ಮೇಲ್ಪದರ ಹೊಂಬಣ್ಣಕ್ಕೆ ತಿರುಗುತ್ತದೆ. ಹೊರತೆಗೆದು 10 ನಿಮಿಷ ಬಿಟ್ಟರೆ ಸಾಸ್ ಹದಕ್ಕೆ ಬರುತ್ತದೆ, ನಾಲಿಗೆಯೂ ಸುಡುವುದಿಲ್ಲ.

ಚೀಸಿನ ಬದಲು ಪನೀರ್ ಹಾಕಬಹುದೇ ಎಂದು ಮಕ್ಕಳು ಕೇಳಿದರೆ, ಕಾವಲಿಯ ಮೇಲೆ ಎರಡರದೂ ಒಂದೊಂದು ತುಣುಕಿಟ್ಟು ನೋಡಲು ಹೇಳಿ. ಚೀಸ್ ಕರಗುತ್ತದೆ, ಪನೀರ್ ಕೆಂಪಗಾದರೂ ಕರಗುವುದಿಲ್ಲ. ಕುದಿಯುವ ಹಾಲಿಗೆ ಹುಳಿ ಹಿಂಡಿ ಮಾಡಿದ ಪನೀರಿನಲ್ಲಿ ಪ್ರೋಟೀನುಗಳು ಬಿಗಿಯಾಗಿ ಬೆಸೆದುಕೊಂಡಿರುತ್ತವೆ.

ಇಡೀ ಅಡುಗೆಯನ್ನು ಅಮ್ಮನೊಬ್ಬಳ ಹೆಗಲಿಗೆ ಹೊರಿಸಬೇಕಿಲ್ಲ. ಅಳೆಯುವುದು ಚಿಕ್ಕವರಿಗೆ, ತುರಿಯುವುದು ಮತ್ತು ಸಾಸ್ ತಿರುವುವುದು ಹೈಸ್ಕೂಲಿನವರಿಗೆ, ಬಿಸಿ ಪಾತ್ರೆ ಇಳಿಸುವುದು ದೊಡ್ಡವರಿಗೆ. ಹುಡುಗ, ಹುಡುಗಿ ಎಂಬ ಭೇದ ಬೇಡ. ಕಾರಣ ತಿಳಿದು ಒಮ್ಮೆ ಸೌಟು ಹಿಡಿದ ಮಗು, ಮುಂದೆ ಹಾಸ್ಟೆಲು ಸೇರಿದರೂ ಉಪವಾಸ ಬೀಳುವುದಿಲ್ಲ.