ಗೃಹಸ್ಥರ ಪುಟ: ಪಿಯಾನೋ ಪಾಠವೂ ವಿದ್ಯೆಯ ನಾಲ್ಕು ಪಾದಗಳೂ

ತೋರಣಗಲ್ಲಿನಿಂದ ವಾಚಕರೊಬ್ಬರು ನಮಗೆ ಪತ್ರ ಬರೆದಿರುವರು. ಅವರು ಅಲ್ಲಿಯ ಉಕ್ಕಿನ ಕಾರ್ಖಾನೆಯಲ್ಲಿ ಉದ್ಯೋಗಸ್ಥರು. ಅವರ ಒಂಬತ್ತು ವರ್ಷದ ಮಗಳಿಗೆ ಪಿಯಾನೋ ಕಲಿಯಬೇಕೆಂಬ ಆಸೆ ಹುಟ್ಟಿದೆ. ವಾರಕ್ಕೊಮ್ಮೆ ಹೊಸಪೇಟೆಯಿಂದ ಬಂದು ಮನೆಯಲ್ಲಿಯೇ ಪಾಠ ಹೇಳಲು ಉಪಾಧ್ಯಾಯಿನಿಯೊಬ್ಬರು ಒಪ್ಪಿರುವರು. ಆಕೆ ಯಾವ ಶಾಲೆಗೂ ಸೇರಿದವರಲ್ಲ, ಮನೆಮನೆಗೆ ಹೋಗಿ ಕಲಿಸಿ ಜೀವನ ನಡೆಸತಕ್ಕವರು. ಆದರೆ ವೃದ್ಧರಾದ ಮಾತೃಶ್ರೀಯವರು, “ದಾಸರು ಹಾಡಿದ ಹಂಪೆಯ ಮಗ್ಗುಲಲ್ಲಿದ್ದುಕೊಂಡು ದೊರೆಗಳ ವಾದ್ಯ ಏತಕ್ಕಪ್ಪಾ?” ಎನ್ನುತ್ತಿರುವರಂತೆ. ಪಾಠ ಹೇಳಿಸಬಹುದೇ, ಹೇಳಿಸಿದರೆ ಏನೇನನ್ನು ನೋಡಿಕೊಳ್ಳಬೇಕು, ವಾದ್ಯವಾವುದು ಎಂಬುದು ಅವರ ಪ್ರಶ್ನೆ.

ನಾವು ಸಂಗೀತ ವಿದ್ವಾಂಸರಲ್ಲ. ಮೂವತ್ತು ವರ್ಷಗಳಿಗೆ ಮಿಕ್ಕಿ ಹುಡುಗರಿಂದ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದವರು. ಆದರೂ ರಾಮಶಬ್ದವಾಗಲಿ ಸ್ವರಾಭ್ಯಾಸವಾಗಲಿ, ಮಕ್ಕಳು ಕಲಿಯುವ ರೀತಿ ಬಹಳ ಬೇರೆಯಾಗಿರದೆಂಬ ಧೈರ್ಯದಿಂದ ಉತ್ತರ ಬರೆಯುತ್ತಿದ್ದೇವೆ.

ಮೊದಲು ಮಾತೃಶ್ರೀಯವರ ಆಕ್ಷೇಪಣೆ. ಮನೆಯ ಹಿರಿಯರು ಒಪ್ಪದ ಪಾಠವು ಬಹುಕಾಲ ನಿಲ್ಲುವುದಿಲ್ಲ. ಪುರಂದರದಾಸರು ಬಾಲಪಾಠಕ್ಕೆ ಮಾಯಾಮಾಳವಗೌಳವನ್ನು ಆರಿಸಿ, ಸರಳೆ ಜಂಟಿ ಅಲಂಕಾರಗಳ ಕ್ರಮವನ್ನು ಹಾಕಿಕೊಟ್ಟರೆಂದು ಸಂಪ್ರದಾಯವು ಹೇಳುತ್ತದೆ. ಆ ರಾಗವನ್ನು ಪಿಯಾನೋದ ಮೇಲೆ ಇರಿಸಿ ನೋಡಿರಿ. ಕರಿಯ ಕೀಲಿಗಳು ಎರಡೆರಡಾಗಿಯೂ ಮೂರುಮೂರಾಗಿಯೂ ಗುಂಪುಗೂಡಿರುತ್ತವೆ. ಎರಡರ ಗುಂಪಿಗೆ ಎಡಗಡೆ ಅಂಟಿಕೊಂಡಿರುವ ಬಿಳಿಯ ಕೀಲಿಯನ್ನು ಷಡ್ಜವೆಂದು ಹಿಡಿದರೆ, ಗಾಂಧಾರ ಮಧ್ಯಮ ಪಂಚಮ ನಿಷಾದಗಳು ಬಿಳಿಯ ಕೀಲಿಗಳ ಮೇಲೆಯೂ ಋಷಭ ಧೈವತಗಳು ಕರಿಯ ಕೀಲಿಗಳ ಮೇಲೆಯೂ ಬೀಳುತ್ತವೆ. ಮಗುವು ಒಂದು ಸಂಜೆಯಲ್ಲಿ ಇದನ್ನು ನುಡಿಸೀತು. ಆದರೆ ಸ್ವರವನ್ನು ತೂಗುವ, ಸ್ವರದಿಂದ ಸ್ವರಕ್ಕೆ ಜಾರಿಸುವ ಗಮಕವು ಅಲ್ಲಿ ಹುಟ್ಟದು. ಕೀಲಿಯನ್ನು ಒತ್ತಿದರೆ ಒಳಗಿನ ಸುತ್ತಿಗೆ ಎದ್ದು ತಂತಿಯನ್ನು ಹೊಡೆಯುತ್ತದೆ. ಆಮೇಲೆ ಆ ನಾದವನ್ನು ಬಳುಕಿಸಲು ಬೆರಳಿಗೆ ದಾರಿಯಿಲ್ಲ. ಆದಕಾರಣ ದೇವರನಾಮವನ್ನು ಕಲಿಯುವುದಕ್ಕೆ ಪಿಯಾನೋ ತಕ್ಕುದಲ್ಲವೆಂದು ಮಾತೃಶ್ರೀಯವರು ಹೇಳುವುದಾದರೆ ನಾವೂ ಅವರ ಪಕ್ಷವೇ. ಪಿಯಾನೋವನ್ನು ಕಲಿಯತಕ್ಕದ್ದು ಅದರ ಸ್ವಂತ ಸಂಗೀತಕ್ಕಾಗಿ, ಎಡಗೈ ಬಲಗೈಗಳು ಬೇರೆ ಬೇರೆ ಮಾತುಗಳನ್ನಾಡಿಯೂ ಒಂದೇ ಅರ್ಥವನ್ನು ಕೊಡುವ ಆ ವಿಲಕ್ಷಣವಾದ ಶಾಸ್ತ್ರಕ್ಕಾಗಿ.

ಒಂದನ್ನು ಕಲಿತರೆ ಇನ್ನೊಂದು ಕೆಟ್ಟೀತೆಂಬ ಭಯಕ್ಕೆ ಮೈಸೂರಿನ ಅರಮನೆಯೇ ಉತ್ತರ. ಜಯಚಾಮರಾಜೇಂದ್ರ ಒಡೆಯರು (1919–1974) ತರುಣರಾಗಿದ್ದಾಗ ಪಿಯಾನೋ ವಾದಕರಾಗಿ ಸಭೆಗಳಲ್ಲಿ ನುಡಿಸಬೇಕೆಂಬ ಹಂಬಲವುಳ್ಳವರಾಗಿದ್ದರು. 1940ರಲ್ಲಿ ತಂದೆಯವರೂ ದೊಡ್ಡಪ್ಪಂದಿರಾದ ನಾಲ್ವಡಿ ಕೃಷ್ಣರಾಜ ಒಡೆಯರೂ ಒಂದೇ ವರ್ಷದಲ್ಲಿ ಸ್ವರ್ಗಸ್ಥರಾಗಲು, ಸಿಂಹಾಸನವು ಆ ಹಂಬಲವನ್ನು ತಡೆಯಿತು. ಆದರೂ ಅಭ್ಯಾಸವನ್ನು ಬಿಡದೆ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿಯನ್ನು ಪಡೆದರು. ಅದೇ ಬೆರಳುಗಳೇ ಮುಂದೆ ವೆಂಕಟಗಿರಿಯಪ್ಪನವರ ಬಳಿ ವೀಣೆಯನ್ನು ಅಭ್ಯಾಸ ಮಾಡಿದುವು. ಅದೇ ಮಹಾರಾಜರು ಶ್ರೀವಿದ್ಯಾ ಎಂಬ ಅಂಕಿತದಲ್ಲಿ ತೊಂಬತ್ತಕ್ಕೂ ಹೆಚ್ಚು ಸಂಸ್ಕೃತ ಕೃತಿಗಳನ್ನು ರಚಿಸಿದರು. ಹಾರ್ಮೋನಿಯಂ ಕೂಡ ಹೊರಗಿನಿಂದ ಬಂದದ್ದೇ ಅಲ್ಲವೆ? ರೇಡಿಯೋದವರು 1940ರಿಂದ 1971ರವರೆಗೆ ಅದನ್ನು ಬಾಗಿಲಲ್ಲಿಯೇ ತಡೆದಿದ್ದರು. ಬಳ್ಳಾರಿ ಸೀಮೆಯ ಭಜನೆಯ ಮೇಳಗಳೂ ನಾಟಕದ ಕಂಪನಿಗಳೂ ಅದಕ್ಕಾಗಿ ಅದನ್ನು ಬಿಟ್ಟುಬಿಡಲಿಲ್ಲ.

ಇನ್ನು ಪಾಠದ ಮಾತು. ವಿದ್ಯೆಯಲ್ಲಿ ಒಂದು ಕಾಲುಭಾಗವು ಗುರುವಿನಿಂದ, ಒಂದು ಸ್ವಬುದ್ಧಿಯಿಂದ, ಒಂದು ಸಹಪಾಠಿಗಳಿಂದ, ಉಳಿದದ್ದು ಕಾಲಕ್ರಮದಿಂದ ದೊರೆಯುವುದೆಂದು ಪ್ರಾಚೀನರ ಲೆಕ್ಕ. ತಂದೆಯು ಹಣ ಕೊಟ್ಟು ಪಡೆಯುವುದು ಮೊದಲನೆಯ ಪಾದವನ್ನು ಮಾತ್ರ. ಇದನ್ನು ತಿಳಿಯದೆ ನಾಲ್ಕನ್ನೂ ಉಪಾಧ್ಯಾಯರಿಂದಲೇ ವಸೂಲು ಮಾಡಹೊರಡುವ ಮನೆಗಳನ್ನು ನಾವು ಬಹಳ ನೋಡಿದ್ದೇವೆ.

ಆ ಒಂದು ಪಾದದ ಬೆಲೆಯನ್ನಾದರೂ ಸರಿಯಾಗಿ ಕೊಡುವರೇ? ನಮ್ಮ ಪರಿಚಯದ ಒಂದು ಮನೆಯಲ್ಲಿ ಹುಡುಗಿಗೆ ಎಂಟು ತಿಂಗಳು ಪಾಠ ನಡೆದಿತ್ತು. ಎರಡು ಕೈಗಳನ್ನು ಕೂಡಿಸಿ ನುಡಿಸುವುದು ಆಗತಾನೆ ಬಂದಿತ್ತು. ಆ ತಿಂಗಳು ಶಾಲೆಯ ಪರೀಕ್ಷೆಗೆಂದು ಒಂದು ವಾರ, ನೆಂಟರ ಮದುವೆಗೆಂದು ಒಂದು ವಾರ ಪಾಠ ಬೇಡವೆಂದರು. ತಿಂಗಳ ಕೊನೆಗೆ ಗೃಹಸ್ಥರು ಅರ್ಧ ಸಂಬಳವನ್ನು ಎಣಿಸಿ ಕೊಟ್ಟರು. ಉಪಾಧ್ಯಾಯರು ತೆಗೆದುಕೊಂಡು ನಮಸ್ಕಾರ ಮಾಡಿ ಹೋದರು, ಮರುತಿಂಗಳು ಬರಲಿಲ್ಲ. ಹುಡುಗಿ ಮೂರು ಗುರುವಾರಗಳು ಬಾಗಿಲಲ್ಲಿ ಕಾದು ನಿಂತಿತಂತೆ. ಬೇರೆ ಉಪಾಧ್ಯಾಯರು ಆ ಊರಿನಲ್ಲಿ ಇರಲಿಲ್ಲ. ಶಾಲೆಯಲ್ಲಿ ದುಡಿಯುವವನಿಗೆ ರಜೆಯ ದಿನಕ್ಕೂ ವೇತನವುಂಟು. ಸ್ವತಂತ್ರವಾಗಿ ಕಲಿಸುವವರು ಆ ಗಂಟೆಯನ್ನು ನಿಮ್ಮ ಮಗುವಿಗೆಂದು ಕಾದಿಟ್ಟು ಇನ್ನೊಂದು ಮನೆಯನ್ನು ಬಿಟ್ಟಿರುತ್ತಾರೆ. ನೀವು ಬೇಡವೆಂದ ಮಾತ್ರಕ್ಕೆ ಅದು ಅವರಿಗೆ ಮರಳಿ ಬಾರದು. ಆದಕಾರಣ ಮೊದಲನೆಯ ದಿನವೇ ಮಾತಾಡಿಕೊಳ್ಳತಕ್ಕದ್ದು: ತಿಂಗಳಿಗೆ ಇಷ್ಟು, ಮುಂಗಡವಾಗಿ, ನಾವು ತಪ್ಪಿಸಿದ ಪಾಠಕ್ಕೆ ಕಡಿತವಿಲ್ಲ, ಅವರು ತಪ್ಪಿಸಿದ್ದನ್ನು ಬೇರೊಂದು ದಿನ ತುಂಬಿಕೊಡುವುದು. ಹೊಸಪೇಟೆಯಿಂದ ಬಂದು ಹೋಗುವ ವೆಚ್ಚವನ್ನು ಪ್ರತ್ಯೇಕವಾಗಿ ಕೇಳಿ ತಿಳಿಯಿರಿ. ಆಕೆ ಸಂಕೋಚದಿಂದ ತಾನಾಗಿ ಹೇಳದೆ ಇರಬಹುದು.

ಸ್ವಬುದ್ಧಿಯ ಪಾದವು ಉಪಾಧ್ಯಾಯಿನಿಯು ಬಾರದ ಆರು ದಿನಗಳಲ್ಲಿ ಬೆಳೆಯುವುದು. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಪಾಠದ ಹಿಂದಿನ ರಾತ್ರಿ ಎರಡು ಗಂಟೆ ಕುಳ್ಳಿರಿಸುವುದು ಶಿಕ್ಷೆಯೇ ಹೊರತು ಶಿಕ್ಷಣವಲ್ಲ. ಆ ಇಪ್ಪತ್ತು ನಿಮಿಷ ಮನೆಯಲ್ಲಿ ದೂರದರ್ಶನವು ಸುಮ್ಮನಿರಬೇಕು. ಇದು ಮಗುವಿಗಿಂತ ದೊಡ್ಡವರಿಗೆ ಕಷ್ಟ.

ಮೂರನೆಯ ಪಾದವೇ ನಮ್ಮನ್ನು ಹೆಚ್ಚು ಚಿಂತೆಗೀಡು ಮಾಡುವುದು. ವೇದಪಾಠವಾಗಲಿ ಭಜನೆಯಾಗಲಿ ಹತ್ತು ಕಂಠಗಳ ನಡುವೆ ನಡೆಯುತ್ತದೆ. ತಪ್ಪಿದವನು ಪಕ್ಕದವನನ್ನು ಕೇಳಿ ತಿದ್ದಿಕೊಳ್ಳುತ್ತಾನೆ. ಪಿಯಾನೋದ ಮುಂದೆ ಮಗು ಒಂಟಿ. ತನ್ನ ವಯಸ್ಸಿನವರು ಎಡವುವುದನ್ನೂ ಏಳುವುದನ್ನೂ ಅದು ಕಾಣದು. ತನಗೊಬ್ಬಳಿಗೇ ಬಾರದೆಂದು ತಿಳಿದು ಮನಸ್ಸು ಮುದುಡಿಕೊಳ್ಳುತ್ತದೆ. ಉತ್ಸಾಹದಿಂದ ತೊಡಗಿದ ಮಕ್ಕಳು ಎರಡನೆಯ ವರ್ಷದಲ್ಲಿ ಬಿಟ್ಟುಬಿಡುವುದಕ್ಕೆ ಸೋಮಾರಿತನಕ್ಕಿಂತ ಇದೇ ದೊಡ್ಡ ಕಾರಣವೆಂದು ನಮ್ಮ ಅಭಿಪ್ರಾಯ. ಈ ಪಾದವನ್ನು ಗೃಹಸ್ಥರೇ ಒದಗಿಸಬೇಕು. ಮೂರು ತಿಂಗಳಿಗೊಮ್ಮೆ ಆ ಉಪಾಧ್ಯಾಯಿನಿಯ ಶಿಷ್ಯರನ್ನೆಲ್ಲ ನಿಮ್ಮ ಮನೆಗೆ ಕರೆಯಿರಿ. ಕಾರ್ಖಾನೆಯ ಊರಾದ್ದರಿಂದ ನಾನಾ ಪ್ರಾಂತಗಳ ಮಕ್ಕಳು ಬಂದಾರು. ಒಬ್ಬೊಬ್ಬರೂ ಒಂದೊಂದನ್ನು ನುಡಿಸಲಿ, ಮಾತೃಶ್ರೀಯವರು ಉಪ್ಪಿಟ್ಟು ಕೊಡಲಿ. ಬಹುಮಾನ ಮಾತ್ರ ಬೇಡ.

ಕಾಲದ ಪಾದವನ್ನು ಕದಿಯುವುದು ಪರೀಕ್ಷೆಯ ಹುಚ್ಚು. ಲಂಡನ್ನಿನ ಸಂಸ್ಥೆಗಳು ಎಂಟು ಶ್ರೇಣಿಗಳಲ್ಲಿ ನಡೆಸುವ ಪರೀಕ್ಷೆಗಳಿಗೆ ನಮ್ಮ ಮಕ್ಕಳೂ ಕುಳಿತುಕೊಳ್ಳುತ್ತಾರೆ. ಪರೀಕ್ಷೆ ಕೆಟ್ಟದ್ದಲ್ಲ. ಆದರೆ ವರ್ಷವೆಲ್ಲ ಪರೀಕ್ಷೆಯ ಮೂರು ನಾಲ್ಕು ಕೃತಿಗಳನ್ನೇ ಉರುಹೊಡೆದು, ಹೊಸ ಹಾಳೆಯೊಂದನ್ನು ಎದುರಿಗಿಟ್ಟರೆ ಓದಲಾರದ ಮಗುವಿನ ಪ್ರಶಸ್ತಿಪತ್ರವು ಗೋಡೆಗೆ ಭೂಷಣವಷ್ಟೆ. ಸಂಧಿಸೂತ್ರವನ್ನು ಒಪ್ಪಿಸಿ ಪದವನ್ನು ಬಿಡಿಸಲಾರದ ವಿದ್ಯಾರ್ಥಿಗಳು ನಮಗೂ ಸಾಕಷ್ಟು ಸಿಕ್ಕಿದ್ದರು. ಮೊದಲ ಎರಡು ವರ್ಷ ಪರೀಕ್ಷೆಯ ಹೆಸರನ್ನು ಎತ್ತಬೇಡಿರಿ.

ವಾದ್ಯದ ವಿಷಯ. ಸುಮಾರು 1700ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಕ್ರಿಸ್ಟೊಫೋರಿ ಎಂಬಾತನು ಈ ಯಂತ್ರವನ್ನು ಕಲ್ಪಿಸಿದಾಗ ಅದರ ಹೊಸತನವೆಲ್ಲ ಬೆರಳಿನ ಬಲಕ್ಕೆ ತಕ್ಕಂತೆ ನಾದವು ಮೃದುವೂ ಗಟ್ಟಿಯೂ ಆಗುವುದರಲ್ಲಿತ್ತು. ಅಗ್ಗದ 61 ಕೀಲಿಗಳ ವಿದ್ಯುತ್ ವಾದ್ಯಗಳಲ್ಲಿ ಕೀಲಿ ಹಗುರ. ಅಲ್ಲಿ ಕಲಿತ ಬೆರಳು ನಿಜವಾದ ಪಿಯಾನೋದ ಮುಂದೆ ಸೋಲುತ್ತದೆ. ತಂತಿಯ ಪಿಯಾನೋ ಉತ್ತಮವೇ ಸರಿ. ಆದರೆ ಸುಮಾರು 230 ತಂತಿಗಳನ್ನು ಬಿಗಿದ ಆ ಮರದ ವಾದ್ಯವು ನಿಮ್ಮ ಸೀಮೆಯ ಒಣ ಬೇಸಗೆಯಲ್ಲಿ ಕುಗ್ಗಿ ಶ್ರುತಿ ಇಳಿಯುವುದು, ಮಳೆಗಾಲದಲ್ಲಿ ಉಬ್ಬಿ ಏರುವುದು. ವರ್ಷಕ್ಕೆ ಒಂದೆರಡು ಸಲ ಶ್ರುತಿಗೂಡಿಸುವವನನ್ನು ದೂರದಿಂದ ಕರೆಯಿಸಬೇಕಾದೀತು. ಆದ್ದರಿಂದ ಸದ್ಯಕ್ಕೆ 88 ಕೀಲಿಗಳುಳ್ಳ, ಕೀಲಿಯಲ್ಲಿ ತೂಕವಿರುವ ವಿದ್ಯುತ್ ಪಿಯಾನೋ ಲೇಸು. ಉಪಾಧ್ಯಾಯಿನಿಯು ಮುಟ್ಟಿ ನೋಡಿ ಒಪ್ಪಿದ ಹೊರತು ಹಣ ಕೊಡಬೇಡಿರಿ. ಕುಳಿತಾಗ ಮಗುವಿನ ಮೊಣಕೈ ಕೀಲಿಗಳ ಮಟ್ಟಕ್ಕೆ ಬರಬೇಕು. ಕುರ್ಚಿ ತಗ್ಗಾದರೆ ಜಮಖಾನೆಯೊಂದನ್ನು ಮಡಿಸಿ ಹಾಕಿರಿ, ಕಾಲು ನೆಲಕ್ಕೆ ಎಟುಕದಿದ್ದರೆ ಕೆಳಗೊಂದು ಮಣೆ.