ನಮ್ಮ ಮೀಟರು, ಅವರ ಮೋಟರು



ಹಾಸ್ಟೆಲಿನಲ್ಲಿ ಸೀಟು ಸಿಗದಿದ್ದರೆ ನಾವು ಮೂರು ನಾಲ್ಕು ಜನ ಸೇರಿ ಒಂದು ರೂಮು ಹಿಡಿಯುತ್ತೇವೆ. ಬಾಡಿಗೆ ಎಷ್ಟು ಅಂತ ಗೊತ್ತು, ಅಡ್ವಾನ್ಸ್ ಎಷ್ಟು ಅಂತ ಗೊತ್ತು. ಕರೆಂಟು ಬಿಲ್ಲಿನ ಲೆಕ್ಕ ಮಾತ್ರ ಗೊತ್ತಿಲ್ಲ. ತಿಂಗಳ ಕೊನೆಗೆ ಮಾಲೀಕರು ಒಂದು ಚೀಟಿ ಕೊಡುತ್ತಾರೆ, ನಾವು ಹಂಚಿಕೊಂಡು ಕಟ್ಟುತ್ತೇವೆ. ‘ರಾತ್ರಿಯೆಲ್ಲಾ ಓದ್ತೀರಲ್ಲ, ಬಿಲ್ಲು ಬರದೇ ಇರುತ್ತಾ?’ ಅಂದರೆ ತಲೆ ತಗ್ಗಿಸುತ್ತೇವೆ, ಓದಿದ್ದೇ ಅಪರಾಧ ಅನ್ನುವ ಹಾಗೆ.

ಲೆಕ್ಕ ಹಾಕೋಣ. ಸಾವಿರ ವ್ಯಾಟು ಒಂದು ಗಂಟೆ ಉರಿದರೆ ಒಂದು ಯೂನಿಟ್. 9 ವ್ಯಾಟಿನ ಎರಡು ಬಲ್ಬು ದಿನಕ್ಕೆ 5 ಗಂಟೆ, 75 ವ್ಯಾಟಿನ ಫ್ಯಾನು 8 ಗಂಟೆ: ತಿಂಗಳಿಗೆ ಸುಮಾರು 21 ಯೂನಿಟ್. ಇಡೀ ಕಟ್ಟಡಕ್ಕೆ ನೀರೆತ್ತುವ 1 ಎಚ್.ಪಿ. ಮೋಟರು 746 ವ್ಯಾಟಿನದು. ದಿನಕ್ಕೆ 2 ಗಂಟೆ ಓಡಿದರೆ ತಿಂಗಳಿಗೆ ಹತ್ತಿರ ಹತ್ತಿರ 45 ಯೂನಿಟ್. ಅದರ ವೈರು ನಮ್ಮ ಮೀಟರಿಗೆ ಸೇರಿದ್ದರೆ, ನಮ್ಮ ಓದಿನ ಎರಡು ಪಟ್ಟು ದುಡ್ಡು ಕಟ್ಟಡದವರ ಸ್ನಾನಕ್ಕೆ ಹರಿಯುತ್ತಿದೆ ಅಂತ ಅರ್ಥ.

ಎಲ್ಲವೂ ಬೇಕಂತಲೇ ಮಾಡಿದ ಮೋಸ ಅನ್ನುವುದಿಲ್ಲ. ಒಂದು ಮನೆ ನಾಲ್ಕಾಗುವಾಗ ವೈರಿಂಗ್ ಮಾಡಿದವನು ಕೈಗೆ ಸಿಕ್ಕ ತಂತಿಗೆ ಗಂಟು ಹಾಕಿ ಹೋಗಿರುತ್ತಾನೆ. ಆದರೆ ಗಂಟು ಯಾರದೇ ಇರಲಿ, ದಂಡ ತೆರುವವರು ಮಾತ್ರ ಬಾಡಿಗೆಯವರೇ ಯಾಕೆ?

2023ರಲ್ಲಿ ಗೃಹಜ್ಯೋತಿ ಬಂತು. ಬಾಡಿಗೆಯವರಿಗೂ ಉಂಟು. ಆದರೆ ಉಚಿತ ಯೂನಿಟ್ಟಿಗೆ ಮಿತಿ ಉಂಟು. ದಾಟಿದರೆ ದಾಟಿದ್ದಕ್ಕೆ ದುಡ್ಡು, 200 ದಾಟಿದರೆ ಪೂರಾ ಬಿಲ್ಲು. ಬೇರೆಯವರ ಮೋಟರು ನಮ್ಮ ಉಚಿತವನ್ನೂ ಕುಡಿದು ಬಿಡುತ್ತದೆ. ಮಾಲೀಕರ ಒಂದೇ ಆರ್.ಆರ್. ನಂಬರಿನ ಕೆಳಗೆ ಸಬ್ ಮೀಟರು ಇದ್ದರೆ ಇನ್ನೊಂದು ಕೇಳಿ: ಮೇಲಿನ ಬಿಲ್ಲು ಸೊನ್ನೆಯಾಗಿದ್ದಾಗ ಕೆಳಗೆ ಯೂನಿಟ್ಟಿಗೆ ಇಷ್ಟು ಅಂತ ವಸೂಲಿ ಯಾಕೆ?

ಪರೀಕ್ಷೆ ಸುಲಭ. ರೂಮಿನ ಸ್ವಿಚ್ಚೆಲ್ಲಾ ಆರಿಸಿ, ಪ್ಲಗ್ಗು ಕಿತ್ತು, ಮೀಟರಿನ ಮುಂದೆ ಹತ್ತು ನಿಮಿಷ ನಿಲ್ಲಿ. ಮೋಟರು ಓಡುವ ಹೊತ್ತಿನಲ್ಲೂ ನೋಡಿ. ಕೆಂಪು ದೀಪ ಮಿಟುಕುತ್ತಲೇ ಇದ್ದರೆ ಯಾರೋ ಉಣ್ಣುತ್ತಿದ್ದಾರೆ. ಆಮೇಲೆ ಮೇನ್ ಆಫ್ ಮಾಡಿ, ಯಾರ ಮನೆ ಕತ್ತಲಾಯಿತು ಗಮನಿಸಿ. ತಂತಿ ಮಾತ್ರ ಮುಟ್ಟಬೇಡಿ. ಪ್ರತಿ ತಿಂಗಳು ಒಂದನೇ ತಾರೀಖು ರೀಡಿಂಗ್ ಬರೆದಿಡಿ. ಮೂಲ ಬಿಲ್ಲು ಕೇಳಿ. ಬಗೆಹರಿಯದಿದ್ದರೆ 1912ಕ್ಕೆ ದೂರು ಕೊಡಿ. 2003ರ ವಿದ್ಯುತ್ ಕಾಯ್ದೆಯ 43ನೇ ಕಲಮು ಸಂಪರ್ಕ ಕೇಳುವ ಹಕ್ಕನ್ನು ಮಾಲೀಕನಿಗಷ್ಟೇ ಅಲ್ಲ, ವಾಸವಿರುವವನಿಗೂ ಕೊಟ್ಟಿದೆ.

ಇಷ್ಟೆಲ್ಲಾ ಗೊತ್ತಿದ್ದೂ ನಾವು ಕೇಳುವುದಿಲ್ಲ. ಯಾಕಂದ್ರೆ ಹೆಸರು ಕೇಳಿ, ಊರು ಕೇಳಿ, ಆಮೇಲೆ ಕೇರಿ ಕೇಳುವ ಪಟ್ಟಣದಲ್ಲಿ ಸಿಕ್ಕ ರೂಮು ಇದು. ಬಾಯಿ ಬಿಟ್ಟರೆ ಹೋದೀತು ಅನ್ನುವ ಭಯ. ಆ ಭಯಕ್ಕೂ ಒಂದು ಮೀಟರು ಇದೆ, ಅದು ತಿಂಗಳು ತಿಂಗಳು ಓಡುತ್ತಲೇ ಇದೆ.

ಅದಕ್ಕೇ ಒಬ್ಬೊಬ್ಬರೇ ಹೋಗಬೇಡಿ. ರೂಮಿನವರೆಲ್ಲಾ ಸೇರಿ, ಕೈಯಲ್ಲಿ ರೀಡಿಂಗಿನ ಚೀಟಿ ಹಿಡಿದು, ಮರ್ಯಾದೆಯಿಂದ ಕೇಳಿ. ಹಾಸ್ಟೆಲಿನಲ್ಲಿರುವ ತಮ್ಮಂದಿರೂ ಇದನ್ನು ಕಲಿತಿಟ್ಟುಕೊಳ್ಳಿ, ನಾಳೆ ನೀವೂ ರೂಮು ಹುಡುಕುವವರೇ. ನಾವು ಉರಿಸಿದ ದೀಪಕ್ಕೆ ನಾವು ಕೊಡೋಣ, ಒಂದು ಪೈಸೆ ಕಮ್ಮಿ ಇಲ್ಲದೆ. ಉಳಿದದ್ದಕ್ಕೆ ಉರಿಸಿದವರು ಕೊಡಲಿ.